ಬಲೆಯೂ ಬಲಿಯೂ: ಮೈಸೂರು ಸೀಮೆಯ ಚದುರಂಗ ಪಾಠದ ಚರಿತ್ರೆ

ಮಕ್ಕಳಿಗೆ ಚದುರಂಗ ಕಲಿಸುವವರು ಕಾಯಿಗಳ ನಡೆಯನ್ನು ಹೇಳಿಕೊಟ್ಟ ಮೇಲೆ ಸಾಮಾನ್ಯವಾಗಿ ಎರಡು ಬಗೆಯ ಪಾಠಗಳನ್ನು ಜೊತೆಜೊತೆಯಾಗಿ ತೆಗೆದುಕೊಳ್ಳುತ್ತಾರೆ. ಒಂದು ಬಲೆ, ಅಂದರೆ ಆಟದ ಮೊದಲ ಹತ್ತು ಹನ್ನೆರಡು ನಡೆಗಳೊಳಗೆ ಎದುರಾಳಿಯು ಸಹಜವೆಂದು ತೋರುವ ಒಂದು ತಪ್ಪು ನಡೆಯನ್ನು ಇಡಲೆಂದು ಕಾದು ಹೂಡುವ ಹೂಟ. ಇನ್ನೊಂದು ಬಲಿ, ಅಂದರೆ ಮುಂದಿನ ದೊಡ್ಡ ಲಾಭವನ್ನು ಎಣಿಸಿ ತನ್ನದೇ ಕಾಯಿಯನ್ನು ತಿಳಿದೂ ತಿಳಿದು ಹೊಡೆಸಿಕೊಳ್ಳುವುದು. ಇವೆರಡೂ ಇಂದಿನ ಪಠ್ಯಗಳಲ್ಲಿ ಅಕ್ಕಪಕ್ಕದ ಪುಟಗಳಲ್ಲಿ ಬರುವುದರಿಂದ ಇವು ಒಂದೇ ಕಾಲದಲ್ಲಿ ಹುಟ್ಟಿದ, ಒಂದೇ ಬಗೆಯ ಜಾಣತನದ ಪಾಠಗಳು ಎಂಬ ಭಾವನೆ ಬೇರೂರಿದೆ. ಕರ್ನಾಟಕದಲ್ಲಿ ಈ ಆಟ ನಡೆದುಬಂದ ದಾರಿಯನ್ನು ನೋಡಿದರೆ ಆ ಭಾವನೆ ನಿಲ್ಲುವುದಿಲ್ಲ. ಬಲಿಯ ಪಾಠ ಈ ನೆಲದಲ್ಲಿ ಬಹಳ ಹಳೆಯದು. ಆರಂಭದ ಬಲೆಗಳ ಪಾಠವಾದರೋ ಯುರೋಪಿನ ನಿಯಮಗಳು ಇಲ್ಲಿಗೆ ಬಂದ ಮೇಲೆ ಮಾತ್ರ ಬೇರುಬಿಟ್ಟದ್ದು, ಏಕೆಂದರೆ ಅದಕ್ಕೆ ಹಿಂದಿನ ಆಟದ ಕಟ್ಟಳೆಗಳಲ್ಲಿ ಅಂಥ ಬಲೆಗೆ ಎಡೆಯೇ ಇರಲಿಲ್ಲ.

ಮಾಲೂರು, ಕೋಲಾರ, ಮುಳಬಾಗಿಲು, ಶ್ರೀನಿವಾಸಪುರಗಳ ಸೀಮೆಯು ಈ ಚರಿತ್ರೆಯನ್ನು ನೋಡಲು ಒಳ್ಳೆಯ ನೆಲೆ. ಗಂಗರ ಕಾಲದಲ್ಲಿ ಕುವಳಾಲವೆಂದು ಹೆಸರಾಗಿದ್ದ ಕೋಲಾರವು ಚೋಳ, ಹೊಯ್ಸಳ, ವಿಜಯನಗರಗಳ ಆಳ್ವಿಕೆಯನ್ನು ಕಂಡು, 17ನೆಯ ಶತಮಾನದಲ್ಲಿ ಬಿಜಾಪುರದ ಸುಲ್ತಾನರ ಕೈಸೇರಿ, ಬೆಂಗಳೂರು ಹೊಸಕೋಟೆಗಳೊಡನೆ ಶಹಾಜಿಯ ಜಹಗೀರಿಗೆ ಒಳಪಟ್ಟಿತು. ಆಮೇಲೆ ಮೊಗಲರ ಸಿರಾ ಸುಬೆಗೆ ಸೇರಿ, ಕಡೆಗೆ ಇದೇ ಜಿಲ್ಲೆಯ ಬೂದಿಕೋಟೆಯಲ್ಲಿ ಹುಟ್ಟಿದ ಹೈದರ್ ಅಲಿಯ ಕಾಲದಲ್ಲಿ ಮೈಸೂರಿನ ಭಾಗವಾಯಿತು. ಕನ್ನಡ ತೆಲುಗುಗಳೆರಡೂ ಮನೆಮಾತಾಗಿರುವ, ಪೂರ್ವಕ್ಕೆ ತೆಲುಗು ಸೀಮೆಗೂ ದಕ್ಷಿಣಕ್ಕೆ ತಮಿಳು ಸೀಮೆಗೂ ತೆರೆದುಕೊಂಡಿರುವ ಈ ನಾಡಿನಲ್ಲಿ ಆಟಗಳೂ ಭಾಷೆಗಳಂತೆಯೇ ಗಡಿ ದಾಟಿ ಓಡಾಡಿವೆ. ಚದುರಂಗವು ಮೂಲತಃ ಅರಮನೆ, ಅಗ್ರಹಾರ, ಕೋಟೆಗಳ ಆಟವಾಗಿದ್ದರೂ, ಅದರ ತಿರುಳಾದ ಲೆಕ್ಕಾಚಾರವನ್ನು ಹಳ್ಳಿಯ ಮಕ್ಕಳು ಮತ್ತೊಂದು ಆಟದಿಂದ ಕಲಿಯುತ್ತಿದ್ದರು.

ಆ ಆಟ ಹುಲಿ-ಕುರಿ. ತೆಲುಗಿನಲ್ಲಿ ಪುಲಿ-ಮೇಕ ಎಂದೂ ತಮಿಳಿನಲ್ಲಿ ಆಡು-ಪುಲಿ ಎಂದೂ ಕರೆಸಿಕೊಳ್ಳುವ ಇದಕ್ಕೆ ಹಲಗೆಯಾಗಲಿ ಕೊರೆದು ಮಾಡಿದ ಕಾಯಿಯಾಗಲಿ ಬೇಕಿಲ್ಲ. ಬಂಡೆಯ ಮೇಲೋ ಜಗಲಿಯ ಮೇಲೋ ಬೆಟ್ಟದಾಕಾರದ ಗೆರೆಗಳನ್ನು ಎಳೆದು, ದಪ್ಪ ಕಲ್ಲುಗಳನ್ನು ಹುಲಿಗಳೆಂದೂ ಸಣ್ಣ ಕಲ್ಲು ಅಥವಾ ಹುಣಸೆಬೀಜಗಳನ್ನು ಕುರಿಗಳೆಂದೂ ಇಟ್ಟುಕೊಂಡರೆ ಆಟ ಶುರುವಾಗುತ್ತದೆ. ಹಂಪಿಯೇ ಮೊದಲಾದ ವಿಜಯನಗರ ಕಾಲದ ದೇವಾಲಯಗಳ ಮಂಟಪಗಳ ನೆಲದಲ್ಲಿ ಇಂಥ ಮಣೆಗಳನ್ನು ಕೊರೆದಿರುವುದನ್ನು ಇಂದಿಗೂ ಕಾಣಬಹುದು. ಹೆಚ್ಚು ಬಳಕೆಯಲ್ಲಿರುವ ರೂಪದಲ್ಲಿ 3 ಹುಲಿಗಳೂ 15 ಕುರಿಗಳೂ ಇರುತ್ತವೆ. ಹುಲಿಯು ಪಕ್ಕದ ಕುರಿಯನ್ನು ಹಾರಿ, ಅದರಾಚೆಯ ಖಾಲಿ ಮನೆಗೆ ಇಳಿದು, ಆ ಕುರಿಯನ್ನು ತಿನ್ನುತ್ತದೆ. ಕುರಿಗಳಿಗೆ ಹೊಡೆಯುವ ಶಕ್ತಿಯಿಲ್ಲ, ಸುತ್ತುಗಟ್ಟಿ ಹುಲಿಗೆ ಅಲುಗಾಡಲಾಗದಂತೆ ಮಾಡುವುದೊಂದೇ ಅವುಗಳ ಉಪಾಯ. ಎಲ್ಲ ಕುರಿಗಳನ್ನೂ ಒಂದೊಂದಾಗಿ ಮಣೆಯ ಮೇಲೆ ಇಟ್ಟು ಮುಗಿಸುವವರೆಗೆ ಅವು ಜರುಗುವಂತಿಲ್ಲವಾದ್ದರಿಂದ, ಮೊದಲ ಹಂತದಲ್ಲಿ ಕೆಲವು ಕುರಿಗಳು ಹುಲಿಯ ಬಾಯಿಗೆ ಹೋಗುವುದು ಹೆಚ್ಚುಕಡಿಮೆ ಖಂಡಿತ.

ಅನುಭವವಿಲ್ಲದ ಮಗು ಪ್ರತಿ ಕುರಿಯನ್ನೂ ಉಳಿಸಿಕೊಳ್ಳಲು ಹೆಣಗಿ, ಕುರಿಗಳನ್ನು ಮೂಲೆಗಳಲ್ಲಿ ಚದುರಿಸಿ, ಕಡೆಗೆ ಹುಲಿಗಳಿಗೆ ಮಣೆಯ ನಡುವನ್ನೇ ಬಿಟ್ಟುಕೊಡುತ್ತದೆ. ಹಿರಿಯರು ಆಗ ಕಲಿಸುತ್ತಿದ್ದದ್ದು ಕುರಿ ಕೊಟ್ಟು ಹುಲಿ ಕಟ್ಟುವುದನ್ನು: ಎಲ್ಲಿ ಒಂದು ಕುರಿಯನ್ನು ಒಡ್ಡಿದರೆ ಬೆಟ್ಟದ ತುದಿಯಲ್ಲಿರುವ ಹುಲಿ ಕೆಳಗಿಳಿಯಲೇಬೇಕಾಗುತ್ತದೆ, ಇಳಿದ ಹುಲಿಯ ಹಿಂದಿನ ದಾರಿಯನ್ನು ಯಾವ ಕುರಿ ಮುಚ್ಚುತ್ತದೆ, ಹಾಗೆ ಎಷ್ಟು ಕುರಿಗಳನ್ನು ಕೊಡಬಹುದು, ಎಷ್ಟು ಕೊಟ್ಟ ಮೇಲೆ ಉಳಿದವು ಸುತ್ತುಗಟ್ಟಲು ಸಾಲದಾಗುತ್ತವೆ ಎಂಬ ಲೆಕ್ಕವೇ ಆ ಪಾಠದ ಸಾರ. ಚದುರಂಗದ ಶಾಸ್ತ್ರದಲ್ಲಿ ಸೆಳೆಬಲಿ ಎನ್ನಬಹುದಾದ ತಂತ್ರ, ಅಂದರೆ ಎದುರಿನ ಬಲವಾದ ಕಾಯಿಯನ್ನು ತನಗೆ ಬೇಕಾದ ಮನೆಗೆ ಎಳೆದುಕೊಳ್ಳಲು ಸಣ್ಣ ಕಾಯಿಯೊಂದನ್ನು ಕೊಡುವುದು, ಇಲ್ಲಿ ಅದರ ಅತ್ಯಂತ ಸರಳ ರೂಪದಲ್ಲಿದೆ. ಅಕ್ಷರ ಕಲಿಯದ ಮಕ್ಕಳೂ ಕುರಿ ಕಾಯುತ್ತ, ಬಂಡೆಯ ಮೇಲೆ ಕುಳಿತು ಇದನ್ನು ಕಲಿತರೆಂಬುದು ಕಡಿಮೆ ಮಾತಲ್ಲ. ಚದುರಂಗದ ಇತಿಹಾಸ ಬರೆಯುವವರು ಇದಕ್ಕೆ ಕೊಡಬೇಕಾದ ಗಮನ ಕೊಟ್ಟಿಲ್ಲವೆಂದೇ ಹೇಳಬೇಕು.

ಅರಮನೆಯ ಚದುರಂಗಕ್ಕೆ ಬಂದರೆ, ಕರ್ನಾಟಕದಲ್ಲಿ ಅದರ ಅತಿ ಮುಖ್ಯ ಹಳೆಯ ದಾಖಲೆ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'. ಈಗಿನ ಬಸವಕಲ್ಯಾಣವನ್ನು ರಾಜಧಾನಿಯಾಗಿಟ್ಟುಕೊಂಡು 1138ರವರೆಗೆ ಆಳಿದ ಈ ದೊರೆ, 1130ರ ಆಸುಪಾಸಿನಲ್ಲಿ ಸಂಸ್ಕೃತದಲ್ಲಿ ಸಿದ್ಧಪಡಿಸಿದ ನೂರು ಅಧ್ಯಾಯಗಳ ಈ ವಿಶ್ವಕೋಶವು 'ಅಭಿಲಷಿತಾರ್ಥ ಚಿಂತಾಮಣಿ' ಎಂದೂ ಹೆಸರಾಗಿದೆ. ಅಡುಗೆ, ವೈದ್ಯ, ಸಂಗೀತ, ಆನೆ ಹಿಡಿಯುವಿಕೆಗಳ ಜೊತೆಗೆ ಆಟಗಳನ್ನೂ ವಿವರವಾಗಿ ಹೇಳುವ ಗ್ರಂಥದಲ್ಲಿ ಚದುರಂಗದ ಕಾಯಿಗಳ ನಡೆ, ಆಟದ ಮೊದಲಲ್ಲಿ ಕಾಯಿಗಳನ್ನು ಜೋಡಿಸಿಕೊಳ್ಳುವ ವ್ಯೂಹಗಳು, ಒಂದೇ ಕುದುರೆಯನ್ನು 64 ಮನೆಗಳಲ್ಲಿಯೂ ಒಮ್ಮೊಮ್ಮೆ ಮಾತ್ರ ಕಾಲಿಡುವಂತೆ ಓಡಿಸುವ ಕುದುರೆ ಸಂಚಾರ, ಇವೆಲ್ಲ ಬರುತ್ತವೆ. ಇಲ್ಲಿ ಗಮನಿಸಬೇಕಾದದ್ದು ವ್ಯೂಹದ ಕಲ್ಪನೆ. ಆಟದ ಆರಂಭವೆಂದರೆ ಎದುರಾಳಿಯ ಮೇಲೆ ಎರಗುವ ಸಮಯವಲ್ಲ, ತನ್ನ ಸೇನೆಯನ್ನು ಒಂದು ಆಕಾರಕ್ಕೆ ತರುವ ಸಮಯ. ಅರಬ್ಬರು ಮತ್ತು ಪಾರಸಿಕರು ಇದೇ ಆಟವನ್ನು ಶತರಂಜ್ ಎಂದು ಆಡುತ್ತಿದ್ದಾಗ ತಾಬಿಯಾ ಎಂದು ಕರೆದದ್ದು ಇಂಥ ಸಿದ್ಧ ವ್ಯೂಹಗಳನ್ನೇ.

ಇದಕ್ಕೆ ಕಾರಣ ನಿಯಮಗಳಲ್ಲಿತ್ತು. ಹಳೆಯ ಆಟದಲ್ಲಿ ಮಂತ್ರಿಯು ಮೂಲೆಗುಂಟ ಒಂದೇ ಮನೆ ನಡೆಯಬಲ್ಲ ದುರ್ಬಲ ಕಾಯಿಯಾಗಿತ್ತು. ಅದಕ್ಕೆ ಇಂದಿನ ರಾಣಿಯ ಬಲ ಬಂದದ್ದು ಬಹಳ ತಡವಾಗಿ. ಮಂತ್ರಿಗೆ ಪೂರ್ತಿ ಬಲ ಬಂದ ಮೇಲೆ ಕೂಡ ದೇಶೀಯ ಆಟದಲ್ಲಿ ಪದಾತಿಗೆ ಮೊದಲ ನಡೆಯಲ್ಲಿ ಎರಡು ಮನೆ ಹೋಗುವ ಅಧಿಕಾರವಿರಲಿಲ್ಲ, ಅದು ಒಂದೊಂದೇ ಮನೆ ಸರಿಯಬೇಕಿತ್ತು. ಹಲವು ಕಡೆ ಆಟವು ಒಬ್ಬೊಬ್ಬರು ಒಂದೊಂದು ನಡೆ ಇಡುವ ಮೂಲಕ ಆರಂಭವಾಗುತ್ತಲೇ ಇರಲಿಲ್ಲ. ಒಬ್ಬ ಆಟಗಾರ ಮಣೆಯ ನಡುಗೆರೆ ದಾಟದಂತೆ ಒಟ್ಟಿಗೆ ಹಲವು ನಡೆಗಳನ್ನು ಇಟ್ಟುಕೊಂಡು, ಆಮೇಲೆ ಎದುರಾಳಿಗೂ ಅಷ್ಟೇ ನಡೆಗಳ ಅವಕಾಶ ಕೊಡುತ್ತಿದ್ದ. ಕೋಟೆ ಕಟ್ಟುವ ನಡೆ, ಅಂದರೆ ರಾಜನನ್ನೂ ಆನೆಯನ್ನೂ ಏಕಕಾಲಕ್ಕೆ ಸರಿಸಿ ರಾಜನನ್ನು ಭದ್ರಗೊಳಿಸುವುದು, ಇರಲಿಲ್ಲ. ಅದಕ್ಕೆ ಬದಲಾಗಿ ಒಮ್ಮೆಯೂ ಚೆಕ್ ತಿನ್ನದ ರಾಜನು ಒಂದೇ ಒಂದು ಸಲ ಕುದುರೆಯಂತೆ ಹಾರಬಹುದಿತ್ತು. ಇಂಥ ನಿಧಾನದ ಆಟದಲ್ಲಿ ನಾಲ್ಕು ನಡೆಗಳಲ್ಲಿ ಮಾತ್ ಮಾಡುವುದು, ಅಂದರೆ ರಾಜನಿಗೆ ತಪ್ಪಿಸಿಕೊಳ್ಳಲಾಗದಂತೆ ಚೆಕ್ ಕೊಡುವುದು, ಎಂಬ ಮಾತೇ ಇರಲಾರದು.

ಹಾಗೆಂದು ಆ ಆಟ ಸಪ್ಪೆಯಾಗಿರಲಿಲ್ಲ. ದೇಶೀಯ ನಿಯಮಗಳಲ್ಲಿ ಗೆಲುವಿಗೂ ದರ್ಜೆಗಳಿದ್ದವು. ಎದುರಾಳಿಯ ಎಲ್ಲ ಕಾಯಿಗಳನ್ನೂ ತಿಂದು ರಾಜನೊಬ್ಬನನ್ನೇ ಉಳಿಸುವುದು ಅರೆಗೆಲುವು ಮಾತ್ರ, ಕೆಲವು ಕಡೆ ಅದು ಸಮವೆಂದೇ ಲೆಕ್ಕ; ಪದಾತಿಯಿಂದ ಮಾತ್ ಮಾಡುವುದು ಎಲ್ಲಕ್ಕಿಂತ ಮೇಲಾದ ಗೆಲುವು. ಈ ಒಂದು ಕಟ್ಟಳೆ ಆಟದ ಮನೋಧರ್ಮವನ್ನೇ ಬದಲಿಸಿಬಿಡುತ್ತದೆ. ಕಾಯಿಗಳನ್ನು ಕೂಡಿಡುವವನಿಗೆ ಮರ್ಯಾದೆಯಿಲ್ಲ, ಎದುರಿನ ಸೇನೆ ಇನ್ನೂ ನಿಂತಿರುವಾಗಲೇ ಆನೆ ಮಂತ್ರಿಗಳನ್ನು ಕೊಟ್ಟು, ರಾಜನನ್ನು ಒಂದು ಮನೆಗೆ ಎಳೆತಂದು, ಕಡೆಯ ಏಟನ್ನು ಕಾಲಾಳಿನ ಕೈಯಲ್ಲಿ ಹೊಡೆಸುವವನಿಗೆ ಮರ್ಯಾದೆ. ಬಲಿಯು ಅಪರೂಪದ ಸಾಹಸವಾಗದೆ ಆಟದ ನಿತ್ಯಧರ್ಮವಾದದ್ದು ಹೀಗೆ. ಶತರಂಜಿನ ಲೋಕದಲ್ಲಿ ಮನ್ಸೂಬಾ ಎನ್ನಿಸಿಕೊಂಡ ಸಮಸ್ಯಾಸ್ಥಿತಿಗಳಲ್ಲಿ ಅತಿ ಪ್ರಸಿದ್ಧವಾದ, ದಿಲಾರಾಮ ಎಂಬ ಹೆಣ್ಣಿನ ಹೆಸರು ಹೊತ್ತ ಸಮಸ್ಯೆಯು ಎರಡು ಆನೆಗಳನ್ನು ಸಾಲಾಗಿ ಬಲಿಗೊಟ್ಟು ಗೆಲ್ಲುವ ಸ್ಥಿತಿಯಾಗಿರುವುದೂ ಇದೇ ಮನೋಧರ್ಮದ ಗುರುತು. ತೆಲುಗು ಪರಂಪರೆಯಲ್ಲಿ ಕೃಷ್ಣದೇವರಾಯನ ಎದುರು ಚದುರಂಗವಾಡಿ ಗೆದ್ದು ಕೊಪ್ಪೋಲು ಗ್ರಾಮವನ್ನು ಪಡೆದನೆಂದು ಬೊಡ್ಡುಚರ್ಲ ತಿಮ್ಮನನ ಹೆಸರು ಉಳಿದಿದೆ. ಆಟದ ನೈಪುಣ್ಯಕ್ಕೆ ಭೂಮಿಯೇ ಬಹುಮಾನವಾಗಬಹುದೆಂಬ ನಂಬಿಕೆ ಆ ನಾಡಿನಲ್ಲಿದ್ದುದಕ್ಕೆ ಅಷ್ಟು ಸಾಕ್ಷಿ ಸಾಕು.

ಈ ಪರಂಪರೆಯ ಕಡೆಯ ದೊಡ್ಡ ಆಶ್ರಯದಾತರು ಮೈಸೂರಿನ ದೊರೆ ಮುಮ್ಮಡಿ ಕೃಷ್ಣರಾಜ ಒಡೆಯರು. 1794ರಲ್ಲಿ ಹುಟ್ಟಿ, ಟಿಪ್ಪು ಸುಲ್ತಾನನ ಪತನದ ನಂತರ 1799ರಲ್ಲಿ ಐದು ವರ್ಷದ ಬಾಲಕರಾಗಿ ಪಟ್ಟವೇರಿದ ಅವರ ಕೈಯಿಂದ 1831ರಲ್ಲಿ ಬ್ರಿಟಿಷರು ಆಡಳಿತವನ್ನು ಕಿತ್ತುಕೊಂಡರು. ಆಮೇಲೆ ಕೋಲಾರ ಸೀಮೆಯನ್ನು ಕಮಿಷನರುಗಳು ನಂದಿದುರ್ಗ ವಿಭಾಗದಲ್ಲಿ ಸೇರಿಸಿ ಆಳಿದರು. ರಾಜ್ಯಭಾರವಿಲ್ಲದ ದೊರೆ 1868ರಲ್ಲಿ ತೀರಿಕೊಳ್ಳುವವರೆಗೆ ತಮ್ಮ ಬುದ್ಧಿಯನ್ನು ಸಾಹಿತ್ಯ, ಚಿತ್ರಕಲೆ ಮತ್ತು ಆಟಗಳಿಗೆ ತೊಡಗಿಸಿದರು. ಅವರ 'ಶ್ರೀತತ್ತ್ವನಿಧಿ'ಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ 'ಕೌತುಕನಿಧಿ'ಯು ಆಟಗಳಿಗೆ ಮೀಸಲಾಗಿದೆ. ಮೈಸೂರಿನ ಜಗನ್ಮೋಹನ ಅರಮನೆಯ ಗೋಡೆಗಳ ಮೇಲೆ ಅವರು ರೂಪಿಸಿದ ಆಟದ ಮಣೆಗಳ ಚಿತ್ರಗಳು ಉಳಿದಿವೆ. ಅವರು ಚದುರಂಗದ ಸಮಸ್ಯೆಗಳನ್ನು ಕಟ್ಟಿದರು, ಕುದುರೆ ಸಂಚಾರಗಳನ್ನು ರಚಿಸಿದರು.

ಸಮಸ್ಯೆಯೆಂದರೆ ಕಾಯಿಗಳನ್ನು ಒಂದು ನಿರ್ದಿಷ್ಟ ಸ್ಥಿತಿಯಲ್ಲಿಟ್ಟು, ಇಷ್ಟೇ ನಡೆಗಳಲ್ಲಿ ಮಾತ್ ಮಾಡಬೇಕೆಂದು ಕೇಳುವುದು. ಇದು ಮೇಲುನೋಟಕ್ಕೆ ವಿನೋದವೆನ್ನಿಸಿದರೂ ಬೋಧನೆಯ ಅತ್ಯುತ್ತಮ ಉಪಕರಣ, ಏಕೆಂದರೆ ಸಮಸ್ಯೆಯಲ್ಲಿ ಎದುರಾಳಿಯ ತಪ್ಪನ್ನು ನೆಚ್ಚುವಂತಿಲ್ಲ. ಅವನ ಅತ್ಯುತ್ತಮ ಉತ್ತರಕ್ಕೂ ಉತ್ತರವಿದ್ದರೆ ಮಾತ್ರ ಅದು ಬಿಡಿಸಿದಂತೆ. ಪುಣೆಯ ಪೇಶ್ವೆಯ ಕಾಲದ ಪಂಡಿತ ತಿರುವೆಂಗಡಾಚಾರ್ಯ ಶಾಸ್ತ್ರಿಯ ಸಂಸ್ಕೃತ ಗ್ರಂಥ 'ವಿಲಾಸಮಣಿಮಂಜರಿ'ಯು ಯುರೋಪಿನ ಪದ್ಧತಿಗೆ ಹೊಂದಿಸಿದ ಇಂಗ್ಲಿಷ್ ರೂಪದಲ್ಲಿ 1814ರಲ್ಲಿ ಮುಂಬಯಿಯಲ್ಲಿ ಅಚ್ಚಾದಾಗ, ಅದರ ಮುಖಪುಟವೇ ಈ ಸ್ಥಿತಿಗಳು ಕಲಿಯುವವನ ಸುಧಾರಣೆಗೂ ನೆನಪಿನ ಸಾಧನೆಗೂ ಉದ್ದೇಶಿಸಿದವು ಎಂದು ಸಾರಿತ್ತು. ಅಂದರೆ ಇಂದು ಪ್ರಪಂಚದ ಎಲ್ಲ ಚದುರಂಗ ಶಾಲೆಗಳಲ್ಲಿ ನಡೆಯುವ 'ಎರಡು ನಡೆಯಲ್ಲಿ ಮಾತ್ ಹುಡುಕು' ಎಂಬ ಅಭ್ಯಾಸಕ್ಕೆ ದಕ್ಷಿಣ ಭಾರತದ ಪಂಡಿತರ ಮತ್ತು ಮೈಸೂರಿನ ದೊರೆಯ ಪಾಠಕ್ರಮವು ಹತ್ತಿರದ ಬಂಧು.

ಯುರೋಪಿನ ನಿಯಮಗಳು ಇಲ್ಲಿಗೆ ಹರಡಿದ್ದು ಕಂಪನಿಯ ದಂಡು ಮತ್ತು ಕಚೇರಿಗಳ ಮೂಲಕ. ಅವುಗಳೊಡನೆ ಆರಂಭದ ನಡೆಗಳ ಶಾಸ್ತ್ರವೂ ಬಂದಿತು, ಮತ್ತು ಅದಕ್ಕೆ ಬಹಳ ಬೇಗ ಈ ನಾಡಿನವರ ಕೊಡುಗೆಯೂ ಸೇರಿತು. 1829ರಲ್ಲಿ ಮದರಾಸಿನ ಗುಲಾಂ ಕಾಸಿಂ ಮತ್ತು ಮದರಾಸು ಸಿವಿಲ್ ಸೇವೆಯ ಜೇಮ್ಸ್ ಕಾಕ್ರನ್ ಸೇರಿ ಮದರಾಸಿನಲ್ಲಿ ಪ್ರಕಟಿಸಿದ ಪುಸ್ತಕವು ಮುಜಿಯೋ ಗ್ಯಾಂಬಿಟ್ ಎಂಬ ಒಂದೇ ಆರಂಭದ ವಿಶ್ಲೇಷಣೆಯನ್ನೂ ಮದರಾಸು ಮತ್ತು ಹೈದರಾಬಾದುಗಳ ನಡುವೆ ನಡೆದ ಎರಡು ಆಟಗಳ ಪಂದ್ಯವನ್ನೂ ಒಳಗೊಂಡಿತ್ತು. ಗ್ಯಾಂಬಿಟ್ ಎಂದರೆ ಆರಂಭದಲ್ಲೇ ಪದಾತಿಯನ್ನೋ ಕಾಯಿಯನ್ನೋ ಕೊಟ್ಟು ವೇಗವನ್ನು ಕೊಳ್ಳುವುದು. ಮುಜಿಯೋದಲ್ಲಿ ಬಿಳಿಯು ರಾಜನ ಪಕ್ಕದ ಪದಾತಿಯನ್ನು ಎರಡನೆಯ ನಡೆಯಲ್ಲಿಯೇ ಒಡ್ಡಿ, ಕಪ್ಪು ಪದಾತಿಗಳು ಮುನ್ನುಗ್ಗಿ ಕುದುರೆಯನ್ನು ಅಟ್ಟುವಾಗ ಅದನ್ನು ಓಡಿಸದೆ, ಐದನೆಯ ನಡೆಯಲ್ಲಿ ಕೋಟೆ ಕಟ್ಟಿಕೊಂಡು ಕುದುರೆಯನ್ನೇ ಬಿಟ್ಟುಕೊಡುತ್ತದೆ. ಅದಕ್ಕೆ ಪ್ರತಿಯಾಗಿ ಎಫ್ ಸಾಲು ತೆರೆದು, ಆನೆ, ರಾಣಿ, ಒಂಟೆಗಳು ಎದುರು ರಾಜನ ಪಕ್ಕದ ಎಫ್7 ಮನೆಯ ಮೇಲೆ ಒಟ್ಟಾಗಿ ಬೀಳುತ್ತವೆ. ಅದೇ ಸ್ಥಿತಿಯಲ್ಲಿ ಕೋಟೆ ಕಟ್ಟುವ ಬದಲು ರಾಣಿಯ ಮುಂದಿನ ಪದಾತಿಯನ್ನು ಡಿ4ಕ್ಕೆ ನೂಕುವ ಕವಲಿಗೆ ಇಂದಿಗೂ ಗುಲಾಂ ಕಾಸಿಂನ ಹೆಸರಿದೆ.

ಕಲ್ಕತ್ತೆಯಲ್ಲಿ ವಕೀಲನಾಗಿದ್ದ ಮತ್ತೊಬ್ಬ ಕಾಕ್ರನ್, ಜಾನ್ ಕಾಕ್ರನ್, 1848ರಲ್ಲಿ ಮಹೇಶ್ಚಂದ್ರ ಬ್ಯಾನರ್ಜಿಯ ಎದುರು ನಾಲ್ಕನೆಯ ನಡೆಯಲ್ಲಿಯೇ ಎಫ್7ರ ಪದಾತಿಯನ್ನು ಕುದುರೆಯಿಂದ ಹೊಡೆದು ಆ ಕುದುರೆಯನ್ನು ರಾಜನಿಗೆ ಒಪ್ಪಿಸಿದ. ಆ ಬಲಿ ಕಾಕ್ರನ್ ಗ್ಯಾಂಬಿಟ್ ಎಂದು ಪುಸ್ತಕಗಳಲ್ಲಿ ನಿಂತಿದೆ. ಮಹೇಶ್ಚಂದ್ರನಾದರೋ ದೇಶೀಯ ಆಟದ ಸಂಸ್ಕಾರದಿಂದ ಬಂದವನಾದ್ದರಿಂದ ಪದಾತಿಗಳನ್ನು ಒಂದೊಂದೇ ಮನೆ ಸರಿಸಿ, ಒಂಟೆಯನ್ನು ಬದಿಯಿಂದ ಹೊರಡಿಸುವ ನಿಧಾನದ ವ್ಯೂಹಗಳನ್ನು ಹೆಚ್ಚಾಗಿ ಹೂಡುತ್ತಿದ್ದ. ಇಂಡಿಯನ್ ಡಿಫೆನ್ಸ್ ಎಂಬ ಹೆಸರಿನ ಆರಂಭಗಳ ಕುಲಕ್ಕೆ ಆ ಹೆಸರು ಬರಲು ಆ ಆಟಗಳೇ ಕಾರಣ. ಬಲೆಗಳ ನಿಯಮ ಹೊತ್ತು ತಂದವರ ಎದುರು ವ್ಯೂಹದ ಪಾಠ ಅಳಿಯದೆ ನಿಂತ ರೀತಿ ಇದು.

1864ರಲ್ಲಿ ಬೆಂಗಳೂರಿನಿಂದ ಜೋಲಾರಪೇಟೆಗೆ ಹಾಕಿದ ರೈಲುದಾರಿ ಮಾಲೂರಿನ ಮೂಲಕವೇ ಹಾದು ಮದರಾಸಿಗೆ ಕೂಡಿಕೊಂಡಿತು. ಆ ಹೊತ್ತಿಗೆ ಮದರಾಸು, ಬೆಂಗಳೂರು ದಂಡುಗಳಲ್ಲಿ ಯುರೋಪಿನ ನಿಯಮವೇ ಚಾಲ್ತಿಗೆ ಬರುತ್ತಿದ್ದರೂ, ದೇಶೀಯ ನಿಯಮ 20ನೆಯ ಶತಮಾನದವರೆಗೂ ದೇಶದ ಹಲವೆಡೆ ಬದುಕಿತ್ತು. ಆ ಎರಡು ಶಿಕ್ಷಣಗಳ ನಡುವಣ ಅಂತರವನ್ನು ಪಂಜಾಬಿನ ಮೀರ್ ಸುಲ್ತಾನ್ ಖಾನನಷ್ಟು ಸ್ಪಷ್ಟವಾಗಿ ತೋರಿದವರು ಬೇರೊಬ್ಬರಿಲ್ಲ. ದೇಶೀಯ ಆಟದಲ್ಲಿ ಬೆಳೆದ ಆತ ಇಂಗ್ಲೆಂಡಿಗೆ ಹೋಗಿ 1929, 1932, 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದ, ಹೇಸ್ಟಿಂಗ್ಸ್‌ನಲ್ಲಿ ಮಾಜಿ ವಿಶ್ವಚಾಂಪಿಯನ್ ಕಪಬ್ಲಾಂಕನನ್ನು ಸೋಲಿಸಿದ. ಆದರೂ ಆರಂಭದ ನಡೆಗಳಲ್ಲಿ ಎಡವಿ, ನಡುವಿನ ಮತ್ತು ಕಡೆಯ ಆಟದ ಬಲದಿಂದಲೇ ಮೇಲೇಳಬೇಕಾಗುತ್ತಿತ್ತು. ಬಲೆಗಳ ಅರಿವಿಲ್ಲದೆ ಇಷ್ಟು ದೂರ ಹೋಗಬಹುದು, ಲೆಕ್ಕದ ಅರಿವಿಲ್ಲದೆ ಹೋಗಲಾಗದು ಎಂಬುದು ಆತನ ಆಟಗಳನ್ನು ನೋಡಿದವರಿಗೆ ಸಂದೇಹವಿಲ್ಲದೆ ತಿಳಿಯುತ್ತದೆ.

ಸ್ವಾತಂತ್ರ್ಯಾನಂತರ, 1951ರಲ್ಲಿ ಅಖಿಲ ಭಾರತ ಚೆಸ್ ಫೆಡರೇಷನ್ ಸ್ಥಾಪನೆಯಾದ ಮೇಲೆ ಅಂತರರಾಷ್ಟ್ರೀಯ ನಿಯಮವೊಂದೇ ಉಳಿಯಿತು. 1972ರಲ್ಲಿ ಮದರಾಸಿನ ಸೋವಿಯತ್ ಸಾಂಸ್ಕೃತಿಕ ಕೇಂದ್ರದಲ್ಲಿ ಆರಂಭವಾದ ಚೆಸ್ ಕ್ಲಬ್ಬಿಗೆ, ಬಲಿಗಳಿಗೇ ಹೆಸರಾದ 1960ರ ವಿಶ್ವಚಾಂಪಿಯನ್ ಮಿಖಾಯಿಲ್ ತಾಲ್‌ನ ಹೆಸರಿಟ್ಟರು. ವಿಶ್ವನಾಥನ್ ಆನಂದ್ ಬಾಲ್ಯದಲ್ಲಿ ಕಲಿತದ್ದು ಅಲ್ಲಿ. ಕರ್ನಾಟಕ ಈ ಓಟದಲ್ಲಿ ನೆರೆಯ ರಾಜ್ಯಕ್ಕಿಂತ ಬಹಳ ಹಿಂದುಳಿಯಿತು: ಆನಂದ್ 1988ರಲ್ಲಿ ದೇಶದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದರೆ, ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆಗಿ ಮೈಸೂರಿನ ಎಂ. ಎಸ್. ತೇಜ್‌ಕುಮಾರ್ ಆ ಪದವಿ ಪಡೆದದ್ದು 2017ರಲ್ಲಿ, ದೇಶದ 50ನೆಯವರಾಗಿ. ಮುಮ್ಮಡಿಯವರು ಸಮಸ್ಯೆಗಳನ್ನು ಕಟ್ಟಿದ ಊರಿನಿಂದಲೇ ಆ ಹೆಸರು ಬಂದದ್ದು ಸಂತೋಷದ ಸಂಗತಿಯೇ ಹೌದು, ಆದರೆ ನಡುವಿನ ಒಂದೂವರೆ ಶತಮಾನದಲ್ಲಿ ಆ ಪಾಠಕ್ರಮ ಅರಮನೆಯ ಗೋಡೆಯಿಂದ ಶಾಲೆಯ ಕೋಣೆಗೆ ಇಳಿಯಲಿಲ್ಲವೆಂಬುದು ನೋವಿನ ಸಂಗತಿ.

ಇಂದು ಶಾಲಾ ಕ್ರೀಡಾಕೂಟಗಳಲ್ಲಿ ಚೆಸ್ ಸೇರಿದ್ದು, ಮಾಲೂರಿನಂಥ ತಾಲ್ಲೂಕಿನ ಮಗುವೂ ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂಬ ಮೆಟ್ಟಿಲುಗಳನ್ನು ಏರಬಹುದು. ಮೊದಲ ಮೆಟ್ಟಿಲಿನಲ್ಲಿ ಬಲೆಗಳು ನಿಜವಾಗಿ ಗೆಲ್ಲಿಸುತ್ತವೆ, ಮೇಲಿನ ಮೆಟ್ಟಿಲುಗಳಲ್ಲಿ ಎದುರಾಳಿಗೂ ಅವೇ ಬಲೆಗಳು ಬಾಯಿಪಾಠವಾಗಿರುತ್ತವೆ. ಬಲೆಯನ್ನು ಕಲಿಸಬಾರದೆಂದು ಇದರಿಂದ ಹೇಳಲಾಗದು. ಹೇಗೆ ಕಲಿಸಬೇಕೆಂಬುದೇ ಪ್ರಶ್ನೆ. ಇದಕ್ಕೆ ಲೆಗಾಲನ ಮಾತ್ ಎಂಬ ಅತಿ ಜನಪ್ರಿಯ ಬಲೆಯನ್ನೇ ತೆಗೆದುಕೊಳ್ಳಬಹುದು. ಸುಮಾರು 1750ರಲ್ಲಿ ಪ್ಯಾರಿಸ್ಸಿನ ಲೆಗಾಲ್ ಹೂಡಿದ ಈ ಬಲೆಯಲ್ಲಿ, ಕಪ್ಪು ಒಂಟೆಯು ಜಿ4ರಲ್ಲಿ ಕುಳಿತು ಬಿಳಿಯ ಕುದುರೆಯನ್ನು ರಾಣಿಗೆ ಅಡ್ಡವಾಗಿ ಕಟ್ಟಿಹಾಕಿರುತ್ತದೆ. ಬಿಳಿಯು ಆ ಕಟ್ಟನ್ನು ಲೆಕ್ಕಿಸದೆ ಕುದುರೆಯಿಂದ ಇ5ರ ಪದಾತಿಯನ್ನು ಹೊಡೆದು ರಾಣಿಯನ್ನು ತೆರೆದಿಡುತ್ತದೆ. ಕಪ್ಪು ರಾಣಿಯನ್ನು ತಿಂದರೆ, ಬಿಳಿಯ ಒಂಟೆ ಎಫ್7ರಲ್ಲಿ ಪದಾತಿಯನ್ನು ಹೊಡೆದು ಚೆಕ್ ಕೊಡುತ್ತದೆ, ರಾಜ ಇ7ಕ್ಕೆ ಸರಿಯಲೇಬೇಕು, ಎರಡನೆಯ ಕುದುರೆ ಡಿ5ಕ್ಕೆ ಹಾರಿದೊಡನೆ ಮಾತ್. ಎಫ್7 ಮನೆಗೆ ಆರಂಭದಲ್ಲಿ ರಾಜನೊಬ್ಬನದೇ ಕಾವಲಿರುವುದರಿಂದ ಈ ಬಲೆ, ನಾಲ್ಕು ನಡೆಯ ಮಾತ್, ಮುಜಿಯೋ, ಕಾಕ್ರನ್ ಬಲಿ ಎಲ್ಲವೂ ಆ ಒಂದೇ ಮನೆಯನ್ನು ಗುರಿಯಾಗಿಸಿಕೊಂಡಿವೆ.

ಈಗ ಅದೇ ಸ್ಥಿತಿಯಲ್ಲಿ ಕಪ್ಪಿನ ಒಂದು ಕುದುರೆ ಸಿ6ರಲ್ಲಿದೆ ಎಂದಿಟ್ಟುಕೊಂಡರೆ, ಬಿಳಿಯು ಇ5ರಲ್ಲಿ ಹೊಡೆದೊಡನೆ ಕಪ್ಪು ರಾಣಿಯ ಆಸೆಗೆ ಬೀಳದೆ ಆ ಕುದುರೆಯಿಂದಲೇ ಬಿಳಿಯ ಕುದುರೆಯನ್ನು ತಿನ್ನುತ್ತದೆ. ಇ5ಕ್ಕೆ ಬಂದ ಕಪ್ಪು ಕುದುರೆ ಜಿ4ರ ಒಂಟೆಗೂ ಕಾವಲಾಗುವುದರಿಂದ ಬಿಳಿಗೆ ಒಂದು ಕಾಯಿಯ ನಷ್ಟ ಉಳಿಯುತ್ತದೆ. ಮಣೆಯ ಮೇಲೆ ಬದಲಾದದ್ದು ಒಂದೇ ಕುದುರೆಯ ಜಾಗ. ಬಲೆಯನ್ನು ಚಿತ್ರವಾಗಿ ನೆನಪಿಟ್ಟ ಮಗು ಇಲ್ಲಿ ಸೋಲುತ್ತದೆ, ಎದುರಿನ ಅತ್ಯುತ್ತಮ ಉತ್ತರವೇನು ಎಂದು ಕೇಳಿಕೊಳ್ಳಲು ಕಲಿತ ಮಗು ಕೈಹಿಂತೆಗೆಯುತ್ತದೆ. ಆಸ್ಟ್ರಿಯಾದ ರುಡಾಲ್ಫ್ ಸ್ಪೀಲ್ಮನ್ 1935ರಲ್ಲಿ ಬಲಿಗಳ ಬಗ್ಗೆ ಬರೆದ ಪುಸ್ತಕದಲ್ಲಿ, ಕೊಟ್ಟದ್ದು ಕೆಲವೇ ನಡೆಗಳಲ್ಲಿ ಖಚಿತವಾಗಿ ಮರಳುವ ಹುಸಿಬಲಿ, ಮರಳುವುದೆಂಬ ಖಾತರಿಯಿಲ್ಲದೆ ಸ್ಥಿತಿಯನ್ನು ನಂಬಿ ಕೊಡುವ ನಿಜಬಲಿ ಎಂದು ಎರಡು ಬಗೆ ಮಾಡಿದ. ಆ ವಿಂಗಡಣೆಯಂತೆ ಲೆಗಾಲನದು ಹುಸಿಬಲಿ, ಮುಜಿಯೋದ್ದು ನಿಜಬಲಿ. ಮಕ್ಕಳಿಗೆ ಮೊದಲು ಕಲಿಸಲು ಹುಸಿಬಲಿಯೇ ತಕ್ಕದ್ದು, ಏಕೆಂದರೆ ಅದನ್ನು ಕೊನೆಯವರೆಗೆ ಎಣಿಸಿ ಸರಿಯೋ ತಪ್ಪೋ ಎಂದು ತಾವೇ ತೀರ್ಮಾನಿಸಬಹುದು. ನಿಜಬಲಿಗೆ ವರ್ಷಗಳ ಅಭ್ಯಾಸ ಬೇಕು. ಕುದುರೆ ಸಿ6ರಲ್ಲಿರುವ ಸ್ಥಿತಿಯನ್ನೂ ಇಲ್ಲದ ಸ್ಥಿತಿಯನ್ನೂ ಎರಡು ಮಣೆಗಳ ಮೇಲೆ ಅಕ್ಕಪಕ್ಕ ಜೋಡಿಸಿ, ಯಾವುದರಲ್ಲಿ ರಾಣಿಯನ್ನು ಕೊಡಬಹುದು, ಏಕೆ ಕೊಡಬಹುದು ಎಂದು ಮಗುವಿನಿಂದಲೇ ಹೇಳಿಸುವ ಪಾಠವು ಮುಮ್ಮಡಿಯವರ ಸಮಸ್ಯೆಗಳ ಕ್ರಮಕ್ಕೆ ಸೇರಿದ್ದು, ಮತ್ತು ಅದಕ್ಕೆ ಬೇಕಾಗುವುದು ಎರಡು ಮಣೆ, ಅವುಗಳ ಕಾಯಿಗಳು ಮತ್ತು ಅವಸರವಿಲ್ಲದ ಒಂದು ಗಂಟೆ.